ಪೀಣ್ಯಕ್ಕೆ ಹೋಗುವ ಕೆಲಸ ಊರಲ್ಲೇ ಉಳಿಯಬಹುದೇ?
ಹತ್ತು ಮಂದಿ ಸೇರಿ ನಡೆಸುವ ಉದ್ದಿಮೆಯ ಲೆಕ್ಕಾಚಾರ

ಪೀಣ್ಯದ ಹೆಸರು ಕೇಳದ ಮನೆ ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಲ್ಲ. ಮಳೆ ಕೈಕೊಟ್ಟು ರಾಗಿ ಹೊಲ ಒಣಗಿದ ವರ್ಷ ಹುಡುಗರು ಬಸ್ಸು ಹತ್ತಿ ಹೋಗುವುದು ಅಲ್ಲಿಗೇ. ಗಂಡುಮಕ್ಕಳು ಲೇತ್ ಮಿಷನ್ನಿಗೆ, ಪ್ಯಾಕಿಂಗಿಗೆ. ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ. ದಾಸರಹಳ್ಳಿ, ಲಗ್ಗೆರೆ ಕಡೆ ಒಂದು ಬಾಡಿಗೆ ಕೋಣೆ ಹಿಡಿದು ಮೂರು ನಾಲ್ಕು ಜನ ಇರ್ತಾರೆ. ಸಂಬಳ ಬಂದ ವಾರ ಊರಿಗೆ ಸ್ವಲ್ಪ ದುಡ್ಡು ಬರುತ್ತೆ. ಹಬ್ಬಕ್ಕೆ ಮಕ್ಕಳು ಬರ್ತಾರೆ. ಹೊಲ ಮಾತ್ರ ಅಪ್ಪ ಅವ್ವನ ಪಾಲಿಗೆ ಉಳಿದಿದೆ.

ಹೋಗಬೇಡಿ ಅಂತ ಮಕ್ಕಳಿಗೆ ಹೇಳುವ ಅಧಿಕಾರ ನಮಗಿಲ್ಲ. ಒಣ ಬೇಸಾಯದ ಮೂರು ನಾಲ್ಕು ಎಕರೆಯಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಕೆಲಸ ಇರುತ್ತೆ, ಉಳಿದ ತಿಂಗಳು ಇಲ್ಲ. ಆದರೆ ಒಂದು ಮಾತು ಕೇಳಿಕೊಳ್ಳಬಹುದು. ನಮ್ಮ ಕಾಳನ್ನು ಕಾಳಾಗಿಯೇ ಮೂಟೆ ಕಟ್ಟಿ ಕಳಿಸುತ್ತೇವೆ. ಅದನ್ನು ಒಣಗಿಸಿ, ಕಲ್ಲು ತೆಗೆದು, ಹೊಟ್ಟು ಬಿಡಿಸಿ, ಚೀಲಕ್ಕೆ ತುಂಬಿ ಮಾರುವ ಕೆಲಸ ಎಲ್ಲೋ ಪೇಟೆಯಲ್ಲಿ ನಡೆಯುತ್ತೆ. ಆ ಕೆಲಸಕ್ಕೆ ಕೂಲಿಯೂ ಉಂಟು, ಲಾಭವೂ ಉಂಟು. ಕಾಳಿನ ಹಿಂದೆ ಕೆಲಸ ಹೋಯಿತು, ಕೆಲಸದ ಹಿಂದೆ ಮಕ್ಕಳು ಹೋದರು. ಅದರಲ್ಲಿ ಒಂದು ಪಾಲನ್ನಾದರೂ ಊರಲ್ಲಿ ನಿಲ್ಲಿಸಲು ಆಗುತ್ತಾ? ನಮ್ಮಂಥವರೇ ಸೇರಿ ಅಂಥ ಉದ್ದಿಮೆ ಕಟ್ಟಿದ್ದು ಎಲ್ಲಾದರೂ ಇದೆಯೇ? ಕಟ್ಟುವುದಾದರೆ ಎಲ್ಲಿಂದ ಶುರು ಮಾಡಬೇಕು? ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಪೀಣ್ಯ ಹೇಗೆ ಬೆಳೆಯಿತು?

ಪೀಣ್ಯವನ್ನು ಕಟ್ಟಿದವರೆಲ್ಲ ಕೋಟ್ಯಧಿಪತಿಗಳು ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಅದರ ಪಕ್ಕದಲ್ಲೇ ಬಿಇಎಲ್ ಇತ್ತು. ಆ ದೊಡ್ಡ ಕಾರ್ಖಾನೆಗಳಿಗೆ ಸಣ್ಣ ಸಣ್ಣ ಬಿಡಿಭಾಗ ಬೇಕಾಗುತ್ತಿತ್ತು. ಅಲ್ಲಿ ಕೆಲಸ ಕಲಿತ ಎಷ್ಟೋ ಮಂದಿ ಹೊರಗೆ ಬಂದು, ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ ಹಾಕಿಕೊಂಡು ಸ್ವಂತ ಕೆಲಸ ಶುರು ಮಾಡಿದರು. 1970ರ ದಶಕದಲ್ಲಿ ಸರ್ಕಾರ ಪೀಣ್ಯದಲ್ಲಿ ಜಾಗ ಬಿಡಿಸಿತು. ಸಣ್ಣ ಕೈಗಾರಿಕೆಗಳ ನಿಗಮ ಶೆಡ್ಡುಗಳನ್ನು ಕಟ್ಟಿಕೊಟ್ಟಿತು. 1978ರಲ್ಲಿ ಅಲ್ಲಿನವರೇ ಸೇರಿ ಪೀಣ್ಯ ಕೈಗಾರಿಕೆಗಳ ಸಂಘ ಮಾಡಿಕೊಂಡರು. ಈಗ ಅಲ್ಲಿ ಸಾವಿರಾರು ಘಟಕ ಇವೆ.

ಇದರಲ್ಲಿ ನಾವು ಕಲಿಯುವುದು ಎರಡು ಉಂಟು. ಮೊದಲನೆಯದು, ಅಲ್ಲಿ ಒಬ್ಬನೇ ಎಲ್ಲವನ್ನೂ ಮಾಡುವುದಿಲ್ಲ. ಒಂದು ಶೆಡ್ಡಲ್ಲಿ ಕಬ್ಬಿಣ ಕತ್ತರಿಸ್ತಾರೆ, ಪಕ್ಕದವನು ಕೊರೆಯುತ್ತಾನೆ, ಆಚೆ ಬೀದಿಯವನು ಬಣ್ಣ ಹೊಡೀತಾನೆ. ಅಕ್ಕಪಕ್ಕ ಇರುವುದರಿಂದ ಸಣ್ಣವನೂ ಬದುಕುತ್ತಾನೆ. ಎರಡನೆಯದು, ಅವರು ಮಿಷನ್ ಹಾಕುವ ಮೊದಲೇ ತಮ್ಮ ಸಾಮಾನು ಯಾರಿಗೆ ಬೇಕು ಅಂತ ತಿಳಿದಿದ್ದರು. ಕೊಳ್ಳುವ ಕಾರ್ಖಾನೆ ಪಕ್ಕದಲ್ಲೇ ಇತ್ತು.

ಕಲಿಯಬಾರದ್ದೂ ಒಂದಿದೆ. ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕೆಲಸದಿಂದ ಬಂದ ಕ್ರೋಮಿಯಂ ವಿಷ ಪೀಣ್ಯದ ಅಂತರ್ಜಲಕ್ಕೆ ಸೇರಿದ್ದು ಸರ್ಕಾರದ ಪರೀಕ್ಷೆಗಳಲ್ಲೇ ಕಂಡುಬಂದಿದೆ. ಘಟಕದವರ ಲಾಭ ನಷ್ಟದ ಪುಸ್ತಕದಲ್ಲಿ ಆ ನಷ್ಟ ಎಲ್ಲೂ ಬರೆದಿಲ್ಲ. ಅದನ್ನು ಹೊತ್ತವರು ಸುತ್ತಮುತ್ತ ಬೋರ್‌ವೆಲ್ ನೀರು ಬಳಸುವ ಜನ. ಹಾಗೇ, ಬೆಳಗಿಂದ ಸಂಜೆವರೆಗೆ ಹೊಲಿಗೆ ಮಿಷನ್ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳಿಗೆ ಸಂಬಳ ಸಿಗುತ್ತೆ, ಆದರೆ ಆ ಅಂಗಿ ಎಷ್ಟಕ್ಕೆ ಹೋಯಿತು, ಉಳಿಕೆ ಎಷ್ಟು, ಅದು ಯಾರ ಕೈ ಸೇರಿತು ಅನ್ನುವುದರಲ್ಲಿ ಅವರ ಮಾತು ಇಲ್ಲ.

ಉಳಿಕೆ ಯಾರ ಕೈಗೆ?

ಈಗ ‘ಸಾಮಾಜಿಕ ಉದ್ಯಮ’ ಅಂತ ಒಂದು ಹೆಸರು ಬಳಕೆಗೆ ಬಂದಿದೆ. ಹೆಸರು ದೊಡ್ಡದು, ವಿಷಯ ಸರಳ. ಮೂರು ಬಗೆಯ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ.

ಅಂಗಡಿಯವನು ವ್ಯಾಪಾರ ಮಾಡ್ತಾನೆ, ಖರ್ಚು ಕಳೆದು ಉಳಿದಿದ್ದು ಅವನದು. ಅದು ತಪ್ಪಲ್ಲ. ದಾನಧರ್ಮದ ಸಂಸ್ಥೆ ಒಳ್ಳೆ ಕೆಲಸ ಮಾಡುತ್ತೆ, ಆದರೆ ಕೊಡುವವರು ನಿಲ್ಲಿಸಿದ ದಿನ ಬಾಗಿಲು ಹಾಕುತ್ತೆ. ಮೂರನೆಯದು, ವ್ಯಾಪಾರದಂತೆ ತನ್ನ ಖರ್ಚು ತಾನೇ ದುಡಿದುಕೊಳ್ಳುತ್ತೆ. ಆದರೆ ಉಳಿಕೆ ಒಬ್ಬನ ಜೇಬಿಗೆ ಹೋಗದೆ, ದುಡಿದವರಿಗೆ, ಬೆಳೆದವರಿಗೆ ಮತ್ತು ಅದೇ ಕೆಲಸವನ್ನು ಬೆಳೆಸುವುದಕ್ಕೆ ಹೋಗುತ್ತೆ. ತನ್ನಿಂದ ಬೇರೆಯವರಿಗೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುತ್ತೆ. ಈ ಮೂರನೆಯದೇ ಸಾಮಾಜಿಕ ಉದ್ಯಮ. ಯಾರಾದರೂ ಬಂದು ‘ನಿಮ್ಮೂರ ಉದ್ಧಾರಕ್ಕೆ ಉದ್ಯಮ ಮಾಡ್ತೀವಿ’ ಅಂದರೆ ಒಂದೇ ಪ್ರಶ್ನೆ ಕೇಳಿ: ಉಳಿಕೆ ಯಾರ ಕೈಗೆ ಹೋಗುತ್ತೆ?

ಇದು ಓದಿದವರು ಮಾತ್ರ ಮಾಡುವ ಕೆಲಸ ಅಲ್ಲ. 1959ರಲ್ಲಿ ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿ ಮೇಲೆ ಹಪ್ಪಳ ಒತ್ತಲು ಕೂತರು. ಅದೇ ಲಿಜ್ಜತ್ ಹಪ್ಪಳ. ಈಗ ಹತ್ತಾರು ಸಾವಿರ ಹೆಂಗಸರು ಅದರಲ್ಲಿ ಇದ್ದಾರೆ. ಹಪ್ಪಳ ಒತ್ತುವವರೇ ಅದರ ಒಡತಿಯರು. ಲಾಭ ಬಂದರೆ ಹಂಚಿಕೆ, ನಷ್ಟ ಬಂದರೂ ಹಂಚಿಕೆ.

ಬೆಂಗಳೂರಲ್ಲೇ ಇನ್ನೊಂದು ಉದಾಹರಣೆ ಇದೆ. ಬೀದಿಯಲ್ಲಿ ಚಿಂದಿ ಆಯುವವರನ್ನು ಪೊಲೀಸರೂ ಜನರೂ ಕಳ್ಳರ ಹಾಗೆ ನೋಡುತ್ತಿದ್ದರು. ಅವರು ಸಂಘಟಿತರಾಗಿ ಕೇಳಿದ ಮೇಲೆ 2011ರಲ್ಲಿ ಆಗಿನ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ‘ಹಸಿರು ದಳ’ ಅನ್ನುವ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಆಮೇಲೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಅವುಗಳಲ್ಲಿ ಎಷ್ಟನ್ನೋ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಪ್ಲಾಸ್ಟಿಕ್, ರಟ್ಟು, ಗಾಜು ಬೇರೆ ಮಾಡಿ ಮಾರಿದ ದುಡ್ಡು ಗುಜರಿ ದಲ್ಲಾಳಿಗೆ ಹೋಗುವ ಬದಲು ಅವರ ಕೈಗೆ ಬಂತು. ಕಸ ಮೊದಲೂ ಇತ್ತು, ಆಯುವವರೂ ಇದ್ದರು. ಉಳಿಕೆ ಹೋಗುವ ದಾರಿ ಮಾತ್ರ ಬದಲಾಯಿತು.

ಸ್ವಸಹಾಯ ಗುಂಪು ಹುಟ್ಟಿದ್ದು ನಮ್ಮಲ್ಲೇ

ಈಗ ಊರೂರಲ್ಲಿ ಇರುವ ಸ್ವಸಹಾಯ ಸಂಘದ ಬೇರು ಕರ್ನಾಟಕದ ಒಣಭೂಮಿಯಲ್ಲೇ ಇದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಡೆದವು. ದೊಡ್ಡವರ ಕೈ ಮೇಲಾಗಿತ್ತು, ಜನಕ್ಕೆ ನಂಬಿಕೆ ಹೋಗಿತ್ತು. ಆಗ ಸಣ್ಣ ಸಣ್ಣ ಗುಂಪುಗಳಾಗಿ ಜನ ಬಂದು ‘ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ, ನಮ್ಮ ಗುಂಪಿಗೆ’ ಅಂದರು. ಹತ್ತು ಹದಿನೈದು ಜನರ ಗುಂಪು, ಒಬ್ಬರನ್ನೊಬ್ಬರು ಬಲ್ಲವರು. ಮೈರಾಡದ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಅವರು ಈ ಮಾತಿಗೆ ಕಿವಿಗೊಟ್ಟರು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗವನ್ನು ಮುಂದುವರಿಸಲು ಹೇಳಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುವಾಯಿತು. ಈಗ ಅಂಥ ಗುಂಪುಗಳು ಲಕ್ಷಾಂತರ.

ಗುಂಪುಗಳು ಇವೆ, ಉಳಿತಾಯವೂ ಇದೆ. ಆದರೆ ಹೆಚ್ಚಿನ ಕಡೆ ಸಾಲ ತಗೊಳ್ಳುವುದು, ತೀರಿಸುವುದು, ಅಲ್ಲಿಗೆ ನಿಂತಿದೆ. ಆ ಗುಂಪೇ ಉದ್ದಿಮೆಯಾಗಿ ಬೆಳೆದ ಕಡೆ ಏನಾಯಿತು ಅಂತ ನೋಡೋಣ.

ತೀರ್ಥ ಗ್ರಾಮದ ಹೆಂಗಸರು

ಪೀಣ್ಯದ ಮುಂದೆ ಹಾದುಹೋಗುವ ಹೆದ್ದಾರಿಯನ್ನೇ ಹಿಡಿದು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿದರೆ ನಾನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹುಬ್ಬಳ್ಳಿ ಸಿಗುತ್ತೆ. ಅದರ ಹತ್ತಿರ ಕುಂದಗೋಳ ತಾಲ್ಲೂಕು, ಧಾರವಾಡ ಜಿಲ್ಲೆ. ಅಲ್ಲಿ ತೀರ್ಥ ಅಂತ ಒಂದು ಹಳ್ಳಿ. ಮಳೆ ನಂಬಿದ ಬೇಸಾಯ. ಹತ್ತಿ, ಮೆಣಸಿನಕಾಯಿಯ ಹಣದ ಬೆಳೆಗಳ ನಡುವೆ ಸಾಮೆ, ನವಣೆ ಹಿಂದೆ ಸರಿದಿದ್ದವು.

2018ರಲ್ಲಿ ಅಲ್ಲಿ ಹದಿನೈದು ಜನ ಹೆಂಗಸರು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಮುಂದೆ ನಿಂತವರು ಬೀಬೀಜಾನ್ ಹಳೇಮನಿ. ದೇಸಿ ಬೀಜ ಉಳಿಸುವ ಕೆಲಸ ಮಾಡುತ್ತಾ ಬಂದಿರುವ ‘ಸಹಜ ಸಮೃದ್ಧ’ ಸಂಸ್ಥೆ ಅವರಿಗೆ ದಾರಿ ತೋರಿಸಿತು. ಅವರು ಮಾಡಿದ ಕೆಲಸದಲ್ಲಿ ನಾಲ್ಕು ಮೆಟ್ಟಿಲು ಕಾಣುತ್ತೆ. ಒಂದು, ಸಿರಿಧಾನ್ಯದ ಬೀಜ ಕೂಡಿಟ್ಟು ಸಮುದಾಯ ಬೀಜ ಬ್ಯಾಂಕ್ ಮಾಡಿದರು. ಎರಡು, ಒಂದೇ ಬೆಳೆಯ ಬದಲು ಸಿರಿಧಾನ್ಯದ ಜೊತೆ ಬೇರೆ ಬೆಳೆಗಳನ್ನೂ ಸೇರಿಸಿ ಹಾಕುವ ಪದ್ಧತಿಯನ್ನು ಸುತ್ತಲಿನ ಹಳ್ಳಿಗಳಿಗೆ ಹಬ್ಬಿಸಿದರು. ನಾವು ಅಕ್ಕಡಿ ಸಾಲು ಅನ್ನುವುದೂ ಇಂಥದ್ದೇ. ಮೂರು, ಸೆಲ್ಕೋ ಫೌಂಡೇಶನ್ನಿನ ನೆರವಿನಿಂದ ಬಿಸಿಲಿನ ಕರೆಂಟಿನಲ್ಲಿ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕ ಹಾಕಿ ತಾವೇ ನಡೆಸಿದರು. ನಾಲ್ಕು, ಮಾರಾಟಕ್ಕೂ ಒಂದು ದಾರಿ ಮಾಡಿಕೊಂಡರು.

ಅವರ ಕೆಲಸ 30 ಹಳ್ಳಿಗಳಿಗೆ ಮುಟ್ಟಿತು. 2025ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ‘ಈಕ್ವೇಟರ್ ಪ್ರಶಸ್ತಿ’ ಪ್ರಕಟಿಸಿದರು. 103 ದೇಶಗಳಿಂದ ಸುಮಾರು 700 ಹೆಸರು ಬಂದಿದ್ದವು. ಆರಿಸಿದ್ದು ಹತ್ತು. ಅದರಲ್ಲಿ ಕುಂದಗೋಳ ತಾಲ್ಲೂಕಿನ ಈ ಹೆಂಗಸರ ಸಂಘವೂ ಒಂದು. ಬಹುಮಾನ 10 ಸಾವಿರ ಡಾಲರ್.

ಪ್ರಶಸ್ತಿಗಿಂತ ನಾವು ನೋಡಬೇಕಾದ್ದು ಆ ಮೆಟ್ಟಿಲುಗಳನ್ನು. ಬೀಜ, ಬೆಳೆ, ಮಿಷನ್, ಮಾರಾಟ. ಇದರಲ್ಲಿ ಒಂದು ಬಿಟ್ಟರೂ ಉಳಿದ ಮೂರು ನಿಲ್ಲುವುದಿಲ್ಲ. ಬೀಜ ಇದ್ದು ಮಿಷನ್ ಇಲ್ಲದಿದ್ದರೆ ಬೆಳೆದವನು ಬೇಜಾರಾಗಿ ಬಿಡುತ್ತಾನೆ. ಮಿಷನ್ ಇದ್ದು ಸುತ್ತ ಬೆಳೆ ಇಲ್ಲದಿದ್ದರೆ ಅದಕ್ಕೆ ಧೂಳು ಹಿಡಿಯುತ್ತೆ.

ಹೊಟ್ಟು ಬಿಡಿಸುವುದೇ ಕೀಲಿಕೈ

ಹೊಸಬರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿ, ಜೋಳ, ಸಜ್ಜೆ ಒಕ್ಕಣೆಯಾದರೆ ಸಾಕು, ನೇರ ಹಿಟ್ಟಿನ ಮಿಲ್ಲಿಗೆ ಹೋಗುತ್ತೆ. ಸಾಮೆ, ನವಣೆ, ಬರಗು, ಊದಲು, ಹಾರಕ, ಕೊರಲೆ ಹಾಗಲ್ಲ. ಇವುಗಳಿಗೆ ಭತ್ತದ ಹಾಗೆ ಮೇಲೆ ಗಟ್ಟಿ ಹೊಟ್ಟು ಇದೆ. ಅದನ್ನು ತೆಗೆದರೇ ಅಕ್ಕಿ. ಹಾರಕದ್ದು ಪದರ ಪದರವಾಗಿ ಇರುತ್ತೆ, ಎಲ್ಲಕ್ಕಿಂತ ಕಷ್ಟ ಅದೇ. ಹಿಂದೆ ನಮ್ಮ ಅವ್ವಂದಿರು ಒನಕೆಯಲ್ಲಿ ಕುಟ್ಟಿ, ಬೀಸುವ ಕಲ್ಲಿಗೆ ಹಾಕಿ, ಮೊರದಲ್ಲಿ ಕೇರಿ ಮಾಡುತ್ತಿದ್ದರು. ಹೊಲದ ಕೆಲಸ ಮುಗಿಸಿ ಬಂದವಳು ಮತ್ತೆ ಒನಕೆ ಹಿಡಿಯಬೇಕು. ರೇಷನ್ ಅಕ್ಕಿ ಬಂದ ಮೇಲೆ ಆ ಕಷ್ಟ ಯಾರಿಗೆ ಬೇಕು? ಸಾಮೆ, ನವಣೆ ಹಿಂದೆ ಸರಿಯಲು ಇದು ದೊಡ್ಡ ಕಾರಣ.

ಈಗ ಸಣ್ಣ ಮಿಷನ್‌ಗಳು ಬಂದಿವೆ. ಕೆಲಸ ಹೀಗೆ ನಡೆಯುತ್ತೆ: ಮೊದಲು ಕಾಳು ಚೆನ್ನಾಗಿ ಒಣಗಿರಬೇಕು, ಹಲ್ಲಲ್ಲಿ ಕಡಿದರೆ ಟಕ್ ಅನ್ನಬೇಕು. ಜರಡಿ ಮಿಷನ್ನಿನಲ್ಲಿ ಕಸಕಡ್ಡಿ ತೆಗೆದು, ಕಾಳನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ. ಕಲ್ಲು ತೆಗೆಯುವ ಮಿಷನ್ ಬೇರೆ. ಆಮೇಲೆ ಹೊಟ್ಟು ಬಿಡಿಸುವುದು, ಗಾಳಿಯಲ್ಲಿ ಹೊಟ್ಟು ಹಾರಿಸುವುದು, ಬಿಡದೆ ಉಳಿದ ಕಾಳನ್ನು ಮತ್ತೆ ಹಾಕುವುದು. ನೂರು ಕಿಲೋ ಒಳ್ಳೆ ನವಣೆಗೆ ಅರವತ್ತರಿಂದ ಎಪ್ಪತ್ತು ಕಿಲೋ ಅಕ್ಕಿ ಸಿಗುತ್ತೆ. ಜೊಳ್ಳು ಜಾಸ್ತಿ ಇದ್ದರೆ, ಒಣಗಿದ್ದು ಸಾಲದಿದ್ದರೆ ಅದೂ ಇಲ್ಲ, ನುಚ್ಚಾಗುತ್ತೆ.

ಇನ್ನೊಂದು ವಿಷಯ. ಹೊಟ್ಟಿನ ಒಳಗಿರುವ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅಕ್ಕಿ ಮಾಡಿದ ಮೇಲೆ ತೌಡಿನಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತೆ. ಹಾಗಾಗಿ ಕಾಳನ್ನು ಕಾಳಾಗಿಯೇ ಇಟ್ಟು, ಆರ್ಡರ್ ಬಂದಷ್ಟೇ ಅಕ್ಕಿ ಮಾಡಬೇಕು. ಈ ವಿಷಯದಲ್ಲಿ ದೂರದ ದೊಡ್ಡ ಮಿಲ್ಲಿಗಿಂತ ಊರಿನ ಸಣ್ಣ ಘಟಕಕ್ಕೆ ಅನುಕೂಲ ಹೆಚ್ಚು.

ಒಂದು ಕ್ವಿಂಟಾಲ್ ನವಣೆಯ ಲೆಕ್ಕ

ಧಾರಣೆ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಲೆಕ್ಕ ತಿಳಿಯಲಿ ಅಂತ ಒಂದು ದರ ಇಟ್ಟುಕೊಳ್ಳೋಣ. ನಿಮ್ಮೂರ ದರ ಹಾಕಿ ಮತ್ತೆ ಮಾಡಿ ನೋಡಿ.

ಕಾಳು ಕಿಲೋಗೆ 30 ರೂ. ಅಂದರೆ ಕ್ವಿಂಟಾಲಿಗೆ 3,000 ರೂ. ಮಂಡಿಗೆ ಹಾಕಿದರೆ ಇಲ್ಲಿಗೆ ನಮ್ಮ ವ್ಯವಹಾರ ಮುಗಿಯಿತು.

ಅಕ್ಕಿ ಮಾಡಿದರೆ 65 ಕಿಲೋ. ಕಿಲೋಗೆ 80 ರೂ.ನಂತೆ 5,200 ರೂ.

ಇದರಲ್ಲಿ ಬೆಳೆದವರಿಗೆ ಕಾಳಿನ ಬಾಬ್ತು 3,000 ರೂ. ಒಣಗಿಸಿ, ಹಸನು ಮಾಡಿ, ಮಿಷನ್ ನಡೆಸಿದವರ ಕೂಲಿ 400 ರೂ. ಕರೆಂಟು, ರಿಪೇರಿ 200 ರೂ. ಚೀಲ, ಚೀಟಿ, ಸಾಗಾಣಿಕೆ 350 ರೂ. ಮಿಷನ್ ಸಾಲದ ಕಂತಿನ ಪಾಲು 250 ರೂ. ಎಲ್ಲ ಸೇರಿ 4,200 ರೂ. ಉಳಿಕೆ 1,000 ರೂ. ಹೊಟ್ಟು, ತೌಡು, ನುಚ್ಚು ಬೇರೆ. ಅದು ದನಕ್ಕೆ, ಕೋಳಿಗೆ ಆಗುತ್ತೆ.

ಇಲ್ಲಿ ಎರಡು ಮಾತು. ಕೂಲಿಯ 400 ರೂ. ಊರಲ್ಲೇ ಉಳಿಯಿತು. ಅದು ಬೇಸಿಗೆಯಲ್ಲಿ, ಹೊಲದಲ್ಲಿ ಕೆಲಸ ಇಲ್ಲದ ತಿಂಗಳಲ್ಲಿ ಸಿಕ್ಕಿದ ಕೂಲಿ. ಎರಡನೆಯದು ಆ 1,000 ರೂ. ಅದನ್ನು ಮಿಷನ್ ಇಟ್ಟ ಒಬ್ಬರೇ ತಗೊಂಡರೆ ಅದು ಮಾಮೂಲಿ ಮಿಲ್ಲು. ಗುಂಪು ಮೊದಲೇ ಕೂತು ಹೀಗೆ ಬರೆದಿಡಬಹುದು: ಕಾಳು ಕೊಟ್ಟವರಿಗೆ, ಕೊಟ್ಟ ತೂಕದ ಪ್ರಕಾರ ಬೋನಸ್ಸು 400, ಮುಂದಿನ ವರ್ಷ ಕಾಳು ಕೊಳ್ಳುವ ಬಂಡವಾಳಕ್ಕೆ 300, ಮಿಷನ್ ಬದಲಿಸುವ ನಿಧಿಗೆ 200, ಬೀಜ ಬ್ಯಾಂಕಿಗೋ ಊರಿನ ಬೇರೆ ಕೆಲಸಕ್ಕೋ 100. ಅಂಕಿ ನಿಮ್ಮ ಇಷ್ಟ. ಆದರೆ ಲಾಭ ಬರುವ ಮೊದಲು ಬರೆಯಬೇಕು. ದುಡ್ಡು ಕೈಗೆ ಬಂದ ಮೇಲೆ ಹಂಚಿಕೆಯ ಮಾತು ತೆಗೆದರೆ ಜಗಳ.

ಶುರು ಮಾಡುವುದು ಹೇಗೆ?

1. ಮೊದಲು ಗುಂಪು, ಆಮೇಲೆ ಮಿಷನ್. ಒಂದು ವರ್ಷ ತಪ್ಪದೆ ಉಳಿತಾಯ ಮಾಡಿ, ಕೊಟ್ಟ ಸಾಲ ವಾಪಸ್ ಬಂದ ಗುಂಪಿಗೇ ಮಿಷನ್ ನಡೆಸುವ ಶಿಸ್ತು ಬರುತ್ತೆ. ಇಪ್ಪತ್ತು ಜನರೊಳಗಿನ ಸ್ವಸಹಾಯ ಗುಂಪಿಗೆ ನೋಂದಣಿಯ ತಾಪತ್ರಯ ಇಲ್ಲ.

2. ಮೊದಲ ವರ್ಷ ಬೇರೆಯವರ ಮಿಲ್ಲಿನಲ್ಲಿ ಕೂಲಿ ಕೊಟ್ಟು ಅಕ್ಕಿ ಮಾಡಿಸಿ. ಐದು ಕ್ವಿಂಟಾಲ್ ಮಾರಿ ನೋಡಿ. ಯಾರು ಕೊಳ್ತಾರೆ, ಯಾವ ತಿಂಗಳು ಕೊಳ್ತಾರೆ, ಏನು ದೂರು ಹೇಳ್ತಾರೆ ಎಲ್ಲ ಗೊತ್ತಾಗುತ್ತೆ. ಪೀಣ್ಯದ ಲೇತಿನವರು ಕೊಳ್ಳುವವರನ್ನು ಮೊದಲೇ ಕಂಡುಕೊಂಡಂತೆ ನಾವೂ ಕಂಡುಕೊಳ್ಳಬೇಕು.

3. ಮಿಷನ್ನಿಗೆ ಸಾಕಾಗುವಷ್ಟು ಬೆಳೆ ಇದೆಯಾ ಲೆಕ್ಕ ಹಾಕಿ. ಗಂಟೆಗೆ ನೂರು ಕಿಲೋ ಮಾಡುವ ಸಣ್ಣ ಮಿಷನ್ ದಿನಕ್ಕೆ ಆರು ಗಂಟೆಯಂತೆ ನೂರು ದಿನ ನಡೆದರೆ 600 ಕ್ವಿಂಟಾಲ್ ಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಾಲ್ ಅಂದರೆ 120ರಿಂದ 150 ಎಕರೆಯ ಬೆಳೆ. ಒಂದೂರಲ್ಲಿ ಅಷ್ಟು ಇಲ್ಲದಿದ್ದರೆ ನಾಲ್ಕೂರು ಸೇರಿ ಒಂದು ಘಟಕ ಸಾಕು. ಊರಿಗೊಂದು ಬೇಡ.

4. ಕರೆಂಟು ಯಾವುದು, ಎಷ್ಟು ಹೊತ್ತು ಇರುತ್ತೆ ನೋಡಿ ಮಿಷನ್ ಆರಿಸಿ. ನಿಮ್ಮ ಕಾಳು ಒಂದು ಚೀಲ ಒಯ್ದು, ಮಾರುವವರ ಎದುರಿಗೇ ಹಾಕಿಸಿ, ತೂಕ ಮಾಡಿಸಿ ನೋಡಿ. ರಿಪೇರಿಯವರು ಎಷ್ಟು ದೂರದಲ್ಲಿ ಇದ್ದಾರೆ ಅನ್ನುವುದನ್ನೂ ಕೇಳಿ. ನಮ್ಮೂರ ಹುಡುಗರಲ್ಲಿ ಪೀಣ್ಯದಲ್ಲಿ ಮಿಷನ್ ಕೆಲಸ ಕಲಿತವರು ಇದ್ದೇ ಇರ್ತಾರೆ. ಮಿಷನ್ ನೋಡಲು ಅಂಥವನೊಬ್ಬನನ್ನು ಕರೆದುಕೊಂಡು ಹೋಗಿ. ಬೇರಿಂಗು, ಬೆಲ್ಟು ಅವನಿಗೆ ಗೊತ್ತು.

5. ಮೊದಲ ಗಿರಾಕಿ ನಮ್ಮವರೇ ಆಗಲಿ. ಊರಿನ ಮನೆಗಳು, ವಾರದ ಸಂತೆ, ಮದುವೆ ಮನೆ. ಆಮೇಲೆ ನಮ್ಮ ಮಕ್ಕಳೇ ಇರುವ ದಾಸರಹಳ್ಳಿ, ಪೀಣ್ಯದ ವಠಾರಗಳು. ಇಪ್ಪತ್ತು ಮನೆಯವರು ತಿಂಗಳಿಗೆ ಐದೈದು ಕಿಲೋ ಹೇಳಿದರೆ ಒಂದು ಕ್ವಿಂಟಾಲ್ ಆಯಿತು. ಮುಂಗಡ ಹೇಳಿದಷ್ಟೇ ಮಾಡಿ, ತಿಂಗಳಿಗೆ ಒಂದು ಸಲ ಕಳಿಸಿದರೆ ಸಾಗಾಣಿಕೆಯೂ ಕಡಿಮೆ.

6. ನಾಲ್ಕು ಪುಸ್ತಕ ಸಾಕು. ಕಾಳು ಬಂದ ಪುಸ್ತಕ, ಅಕ್ಕಿ ಹೋದ ಪುಸ್ತಕ, ನಗದು ಪುಸ್ತಕ, ಸಭೆಯ ಪುಸ್ತಕ. ತಿಂಗಳಿಗೊಮ್ಮೆ ಎಲ್ಲರೂ ಕೂತಾಗ ಜೋರಾಗಿ ಓದಬೇಕು. ಅಕ್ಷರ ಬಾರದವರಿಗೂ ಲೆಕ್ಕ ಬರುತ್ತೆ. ಕೇಳಿಸಿಕೊಂಡರೆ ತಪ್ಪು ಹಿಡಿಯುತ್ತಾರೆ.

7. ವ್ಯವಹಾರ ಬೆಳೆದರೆ ಕಾನೂನಿನ ಆಕಾರ ಬೇಕಾಗುತ್ತೆ. ಸಹಕಾರ ಸಂಘಕ್ಕೆ 1959ರ ಕಾಯ್ದೆ, ಸೌಹಾರ್ದ ಸಹಕಾರಿಗೆ 1997ರ ಕಾಯ್ದೆ ಇವೆ. ಕಂಪನಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಹತ್ತು ಜನ ಬೆಳೆಗಾರರು ಸೇರಿ ಉತ್ಪಾದಕ ಕಂಪನಿ ಮಾಡಬಹುದು. ಕಂಪನಿ ಅಂದರೂ ಮಾಮೂಲಿ ಕಂಪನಿಯ ಹಾಗಲ್ಲ. ಬೆಳೆಗಾರರೇ ಒಬ್ಬೊಬ್ಬರಾಗಿ ಸದಸ್ಯರಾದ ಕಡೆ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ತಿನ್ನುವ ಪದಾರ್ಥ ಮಾರುವುದಕ್ಕೆ ಆಹಾರ ಸುರಕ್ಷತೆಯ ನೋಂದಣಿಯನ್ನು ಮೊದಲೇ ಮಾಡಿಸಿ.

8. ಕಿರು ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಸಹಾಯಧನದ ಯೋಜನೆ ತಂದಿತು. ಕರ್ನಾಟಕ ತನ್ನ ಪಾಲನ್ನೂ ಸೇರಿಸಿತು. ಇಂಥ ಯೋಜನೆಗಳ ಅವಧಿ, ನಿಯಮ ಬದಲಾಗುತ್ತಾ ಇರುತ್ತೆ. ಈಗ ಯಾವುದು ಇದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ.

ಎಲ್ಲಿ ಕುಸಿಯುತ್ತೆ?

ಸಹಾಯಧನ ಸಿಗುತ್ತೆ ಅಂತ ಮಿಷನ್ ತಂದ ಕಡೆ ಬಹಳ ಸಲ ಕುಸಿಯುತ್ತೆ. ಬೇಕಾಗಿ ತಂದಿದ್ದಲ್ಲ, ಸಿಗುತ್ತೆ ಅಂತ ತಂದಿದ್ದು. ಎರಡನೆಯದು, ಒಬ್ಬರ ಮೇಲೇ ಎಲ್ಲ ಭಾರ. ಆ ಒಬ್ಬರಿಗೆ ಕಾಯಿಲೆ ಬಂದರೆ, ಇಲ್ಲವೇ ಅವರು ಮದುವೆಯಾಗಿ ಬೇರೆ ಊರಿಗೆ ಹೋದರೆ ಘಟಕಕ್ಕೆ ಬೀಗ. ಮಿಷನ್ ನಡೆಸುವುದು, ಲೆಕ್ಕ ಬರೆಯುವುದು ಕನಿಷ್ಠ ಮೂರು ಜನಕ್ಕೆ ಬರಲೇಬೇಕು. ಮೂರನೆಯದು, ಉದ್ರಿ. ಪೇಟೆ ಅಂಗಡಿಗೆ ಉದ್ರಿ ಕೊಟ್ಟು, ಇತ್ತ ಬೆಳೆದವರಿಗೆ ದುಡ್ಡು ಕೊಡಲಾಗದೆ ನಿಂತರೆ ಒಂದೇ ಸುಗ್ಗಿಯಲ್ಲಿ ನಂಬಿಕೆ ಹೋಗುತ್ತೆ. ಮುಂದಿನ ವರ್ಷ ಕಾಳು ಮತ್ತೆ ಮಂಡಿಗೇ ಹೋಗುತ್ತೆ.

ಹೆಸರು ಮಾಡಿದವರಿಗೂ ಕಷ್ಟ ತಪ್ಪಿಲ್ಲ. ಸಾಗರ ತಾಲ್ಲೂಕು ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಹೆಂಗಸರ ಸಹಕಾರ ಸಂಘ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ್ದು. ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನಂಥ ಸಹಜ ಬಣ್ಣ, ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ಇಷ್ಟೆಲ್ಲ ಇದ್ದೂ 2020ರಲ್ಲಿ ಕೊರೋನಾ ಬಂದು ಬಟ್ಟೆ ಮಾರಾಟವಾಗದೆ ರಾಶಿ ಬಿದ್ದಾಗ, ಸಂಘ ತನ್ನ ಕೈ ಖಾಲಿಯಾಗಿದೆ ಅಂತ ಎಲ್ಲರೆದುರು ಹೇಳಿಕೊಳ್ಳಬೇಕಾಯಿತು. ಮುಚ್ಚಿಡಲಿಲ್ಲ, ಅದು ದೊಡ್ಡತನ. ಇದರಿಂದ ನಮಗೆ ಪಾಠ: ಮಾರಾಟ ನಿಂತರೂ ಕೆಲವು ತಿಂಗಳು ಕೂಲಿ ಕೊಡುವಷ್ಟು ಹಣ ಬೇರೆ ಇಟ್ಟಿರಬೇಕು. ಮೇಲಿನ ಲೆಕ್ಕದಲ್ಲಿ ಬಂಡವಾಳಕ್ಕೆ 300 ರೂ. ತೆಗೆದಿಟ್ಟಿದ್ದು ಇದಕ್ಕೇ. ಅದನ್ನು ಹಂಚಿ ತಿನ್ನಬಾರದು.

ಒಂದು ಘಟಕದಿಂದ ಪೀಣ್ಯದ ಬಸ್ಸು ಖಾಲಿ ಆಗುವುದಿಲ್ಲ. ಐದಾರು ಮನೆಗೆ ಬೇಸಿಗೆ ಕೂಲಿ, ಎಪ್ಪತ್ತು ಎಂಬತ್ತು ಮನೆಯ ಬೆಳೆಗೆ ಸ್ವಲ್ಪ ಹೆಚ್ಚು ಬೆಲೆ ಸಿಗಬಹುದು. ಹೊಲದಲ್ಲಿ ನೀರು ಕಡಿಮೆ ಬೇಡುವ ಬೆಳೆ, ತಟ್ಟೆಯಲ್ಲಿ ನವಣೆ ಅನ್ನ ಉಳಿಯಬಹುದು. ಹೋಗಲೇಬೇಕಾದ ಮಕ್ಕಳು ಹೋಗ್ತಾರೆ. ಬೇರೆ ದಾರಿ ಇಲ್ಲ ಅಂತ ಹೋಗುವವರಲ್ಲಿ ನಾಲ್ಕು ಜನ ನಿಂತರೂ ಊರಿಗೆ ಅದು ಸಣ್ಣ ಮಾತಲ್ಲ.

ನಿಮ್ಮ ಕಡೆ ಹೀಗೆ ಗುಂಪಾಗಿ ಮಿಲ್ಲು, ಎಣ್ಣೆ ಗಾಣ, ಬೀಜ ಬ್ಯಾಂಕು ನಡೆಸುವವರು ಇದ್ದರೆ ಪತ್ರಿಕೆಗೆ ಬರೆಯಿರಿ. ಗೆದ್ದಿದ್ದನ್ನು ಬರೆಯಿರಿ, ನಿಂತುಹೋಗಿದ್ದರೆ ಯಾಕೆ ನಿಂತಿತು ಅನ್ನುವುದನ್ನೂ ಬರೆಯಿರಿ. ಖರ್ಚಿನ ಲೆಕ್ಕ ಮಾತ್ರ ಬಿಡಬೇಡಿ, ಓದುವ ನಮಗೆ ಉಪಯೋಗಕ್ಕೆ ಬರುವುದು ಅದೇ.